ಬಿರುಕಿನ ತುದಿಯಲ್ಲಿ ಒಂದು ಹನಿ: ನೀರು ಬಂಡೆಯನ್ನು ಒಡೆಯುವುದು ಹೇಗೆ?

ಆಷಾಢದ ಮಳೆ ಹಿಡಿದಿತ್ತು. ಕಾರವಾರದಿಂದ ಕುಮಟಾಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಅಂಕೋಲಾ ದಾಟಿ ಶಿರೂರು ಹತ್ತಿರ ಬಂದಾಗ ಬಸ್ಸಿನೊಳಗಿನ ಮಾತು ತಾನಾಗಿ ನಿಂತಿತು. ಎಲ್ಲರ ಕಣ್ಣೂ ಗುಡ್ಡದ ಕಡೆಗೆ. 2024ರ ಜುಲೈ 16ರ ಬೆಳಿಗ್ಗೆ ಅಲ್ಲೇ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿ ಗಂಗಾವಳಿ ಹೊಳೆಗೆ ಇಳಿದಿತ್ತು. ಆ ದಾರಿಯಲ್ಲಿ ಓಡಾಡುವ ಯಾರಿಗೂ ಅದು ಇನ್ನೂ ಮರೆತಿಲ್ಲ.

ಪಕ್ಕದಲ್ಲಿ ಕೂತಿದ್ದ ಹಿರಿಯರು ಮೆಲ್ಲಗೆ ಕೇಳಿದರು. "ಮಾಸ್ತರೆ, ಮಣ್ಣು ಜಾರ್ತದೆ ಅಂದ್ರೆ ಅರ್ಥ ಆಗ್ತದೆ. ಕಲ್ಲು ಹೇಗೆ ಒಡೀತದೆ? ನೀರಿಗಿಂತ ಮೆತ್ತಗಿನದ್ದು ಏನುಂಟು?" ಸ್ವಲ್ಪ ಹೊತ್ತು ಬಿಟ್ಟು, ತಮ್ಮ ಮನೆ ಹಿಂದಿನ ಧರೆಯ, ಅಂದರೆ ಗುಡ್ಡ ಕಡಿದು ನೆಟ್ಟಗೆ ಉಳಿದ ಬದಿಯ, ನೆತ್ತಿಯಲ್ಲೂ ಈ ವರ್ಷ ಒಂದು ಸೀಳು ಬಿದ್ದಿದೆ ಎಂದರು. ಅವರು ಇಳಿಯುವ ಮಿರ್ಜಾನ ಬರುವಷ್ಟರಲ್ಲಿ ನಾನು ಅರ್ಧ ಉತ್ತರವನ್ನಷ್ಟೇ ಕೊಟ್ಟಿದ್ದೆ. ಪೂರ್ತಿ ಉತ್ತರ ಇಲ್ಲಿದೆ.

ಮೊದಲೇ ಒಂದು ಮಾತು. ನಮ್ಮ ಕಡೆ ಮಳೆಗಾಲದಲ್ಲಿ ಕುಸಿಯುವುದರಲ್ಲಿ ಹೆಚ್ಚಿನದು ಗಟ್ಟಿ ಬಂಡೆಯಲ್ಲ. ಸಾವಿರಾರು ವರ್ಷ ಬಿಸಿಲು ಮಳೆ ತಿಂದು ಶಿಥಿಲವಾದ ಕಲ್ಲು, ಜಂಬಿಟ್ಟಿಗೆ ಎಂದೂ ಕರೆಯುವ ಚಿರೆಕಲ್ಲು, ಕೆಂಪು ಮಣ್ಣು. ಆದರೆ ಆ ಮಣ್ಣೂ ಒಂದು ಕಾಲದಲ್ಲಿ ಬಂಡೆಯೇ ಆಗಿತ್ತು. ಅದನ್ನು ಹಾಗೆ ಮಾಡಿದ್ದು ನೀರು. ಹಾಗಾಗಿ ಬಂಡೆಯಿಂದಲೇ ಶುರು ಮಾಡುವುದು ಸರಿ.

## ಒಡೆಯುವುದು ಎಂದರೆ ಏನು?

ಬಟ್ಟೆ ಅಂಗಡಿಯಲ್ಲಿ ನೋಡಿರುತ್ತೀರಿ. ಎರಡು ಮೀಟರ್ ಬಟ್ಟೆ ಬೇಕು ಎಂದರೆ ಅಂಗಡಿಯವರು ಅಂಚಿನಲ್ಲಿ ಕತ್ತರಿಯಿಂದ ಒಂದು ಚಿಕ್ಕ ಕಚ್ಚು ಹಾಕುತ್ತಾರೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಪರ್ರನೆ ಹರಿಯುತ್ತಾರೆ. ಆ ಕಚ್ಚು ಇಲ್ಲದೆ ಅದೇ ಬಟ್ಟೆಯನ್ನು ಹರಿಯಲು ಹೋಗಿ, ಕೈ ಸೋಲುತ್ತದೆ. ಬಟ್ಟೆ ಅದೇ, ಕೈಯ ಬಲವೂ ಅದೇ. ವ್ಯತ್ಯಾಸ ಆ ಚಿಕ್ಕ ಕಚ್ಚಿನಲ್ಲಿದೆ. ಎಳೆದ ಬಲವೆಲ್ಲ ಕಚ್ಚಿನ ತುದಿಯಲ್ಲಿ ಬಂದು ಸೇರುತ್ತದೆ. ಅಲ್ಲಿರುವ ಒಂದೆರಡು ನೂಲು ಅಷ್ಟನ್ನೂ ಹೊರಬೇಕು. ಅವು ತುಂಡಾದರೆ ಪಕ್ಕದ ನೂಲಿನ ಸರದಿ.

ಬಂಡೆಯೂ ಹೀಗೆಯೇ ಒಡೆಯುತ್ತದೆ. ಇದನ್ನು ಲೆಕ್ಕ ಹಾಕಿ ತೋರಿಸಿದವರು ಗ್ರಿಫಿತ್ ಎಂಬ ಬ್ರಿಟಿಷ್ ಎಂಜಿನಿಯರ್, 1920ರ ಸುಮಾರಿಗೆ. ಗಾಜಿನ ಅಣುಗಳು ಒಂದಕ್ಕೊಂದು ಹಿಡಿದುಕೊಂಡಿರುವ ಬಲವನ್ನು ನೋಡಿದರೆ ಗಾಜು ಈಗಿನದಕ್ಕಿಂತ ಎಷ್ಟೋ ಪಟ್ಟು ಗಟ್ಟಿ ಇರಬೇಕಿತ್ತು. ಯಾಕಿಲ್ಲ? ಅವರ ಉತ್ತರ ಸರಳ. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಬಿರುಕುಗಳಿವೆ. ಒಡೆಯುವಿಕೆ ಶುರುವಾಗುವುದು ಅವುಗಳ ತುದಿಯಿಂದ. ಬಿರುಕು ಮುಂದೆ ಹೋಗಬೇಕಾದರೆ ಎರಡು ಹೊಸ ಮೈಗಳು ಹುಟ್ಟಬೇಕು. ಹಾಗೆ ಹುಟ್ಟಿಸಲು ಶಕ್ತಿ ಖರ್ಚಾಗುತ್ತದೆ. ಆ ಖರ್ಚನ್ನು ಭರಿಸುವಷ್ಟು ಶಕ್ತಿ ಒದಗಿದರೆ ಬಿರುಕು ಓಡುತ್ತದೆ, ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ.

ಈಗಾಗಲೇ ಬಿರುಕಿರುವ ಕಲ್ಲು, ಆ ಬಿರುಕು ಮುಂದೆ ಹೋಗದಂತೆ ಎಷ್ಟು ತಡೆಯಬಲ್ಲದು ಎಂಬುದಕ್ಕೆ ಈ ಲೇಖನದಲ್ಲಿ 'ಬಿರುಕು-ತಡೆ' ಎಂದು ಕರೆಯುತ್ತೇನೆ. ಗಟ್ಟಿತನ ಬೇರೆ, ಬಿರುಕು-ತಡೆ ಬೇರೆ. ಗ್ರಾನೈಟ್ ಕಲ್ಲನ್ನು ಮೇಲಿಂದ ಅಮುಕಿದರೆ ಬಹಳ ತಾಳುತ್ತದೆ. ಅದಕ್ಕೇ ದೇವಸ್ಥಾನದ ಕಂಬಗಳು ನೂರಾರು ವರ್ಷ ನಿಂತಿವೆ. ಆದರೆ ಎಳೆತಕ್ಕೆ ಅದು ಬಡವ. ಅಮುಕಿದಾಗ ತಾಳುವುದರಲ್ಲಿ ಹತ್ತನೇ ಒಂದು ಪಾಲನ್ನೂ ಎಳೆದಾಗ ತಾಳುವುದು ಕಷ್ಟ. ಬಿರುಕು-ತಡೆಯಲ್ಲಂತೂ ಉಕ್ಕಿಗೂ ಗ್ರಾನೈಟ್‌ಗೂ ಹತ್ತಾರು ಪಟ್ಟು ಅಂತರ. ಉಕ್ಕಿನಲ್ಲಿ ಬಿರುಕಿನ ತುದಿ ಸ್ವಲ್ಪ ಬಾಗಿ ಮೊಂಡಾಗುತ್ತದೆ. ಕಲ್ಲಿಗೆ ಬಾಗಲು ಬರುವುದಿಲ್ಲ.

## ಕಲ್ಲಿನೊಳಗೆ ನೀರಿಗೆ ಜಾಗ ಎಲ್ಲಿ?

ಮೇಲ್ನೋಟಕ್ಕೆ ಎಲ್ಲೂ ಇಲ್ಲ. ಆದರೆ ಕಲ್ಲು ಒಂದೇ ಮುದ್ದೆಯಲ್ಲ. ಗ್ರಾನೈಟ್ ಎಂದರೆ ಬೆಣಚುಕಲ್ಲು, ಕಾಗೆ ಬಂಗಾರ ಮತ್ತು ಇನ್ನೂ ಕೆಲವು ಖನಿಜಗಳ ಹರಳುಗಳು ಒತ್ತಾಗಿ ಕೂತಿರುವ ಗಂಟು. ಹರಳು ಹರಳಿನ ನಡುವೆ ಕೂದಲಿಗಿಂತ ಸಣ್ಣ ಸಂದುಗಳಿವೆ. ಅವನ್ನೆಲ್ಲ ಕೂಡಿಸಿದರೂ ಕಲ್ಲಿನ ಗಾತ್ರದಲ್ಲಿ ನೂರಕ್ಕೆ ಒಂದು ಪಾಲೂ ಆಗದು. ಬಾದಾಮಿಯ ಗುಹೆಗಳಲ್ಲಿರುವಂಥ ಮರಳುಗಲ್ಲಿನ ಜಾತಿಯಲ್ಲಿ ಈ ಖಾಲಿ ಜಾಗ ಇದಕ್ಕಿಂತ ಎಷ್ಟೋ ಜಾಸ್ತಿ ಇರಬಲ್ಲದು. ನಮ್ಮ ಚಿರೆಕಲ್ಲು ನೋಡಿದರೇ ತಿಳಿಯುತ್ತದೆ, ಮೈಯೆಲ್ಲ ತೂತು.

ಇದಲ್ಲದೆ ದೊಡ್ಡ ಸೀಳುಗಳಿವೆ. ನಮ್ಮ ಘಟ್ಟದ ಬುಡದ ಬಂಡೆಗಳು ಬಲು ಹಳೆಯವು, ಹಲವು ಕಡೆ 250 ಕೋಟಿ ವರ್ಷಕ್ಕೂ ಹಿಂದಿನವು. ಇಷ್ಟು ಕಾಲದಲ್ಲಿ ಭೂಮಿ ಅವನ್ನು ಒತ್ತಿದೆ, ತಿರುಚಿದೆ, ಎತ್ತಿದೆ. ಪ್ರತಿ ಸಲವೂ ಒಂದೊಂದು ಸೀಳು ಉಳಿದುಕೊಂಡಿದೆ. ರಸ್ತೆಗಾಗಿಯೋ ರೈಲಿಗಾಗಿಯೋ ಗುಡ್ಡ ಕಡಿದಾಗ ಒಳಗೆ ಬಿಗಿಯಾಗಿ ಒತ್ತಿಕೊಂಡಿದ್ದ ಕಲ್ಲಿಗೆ ಒಂದು ಬದಿ ಬಯಲಾಗುತ್ತದೆ. ಆಗ ಹಳೆಯ ಸೀಳುಗಳು ಸ್ವಲ್ಪ ಬಾಯಿ ಬಿಡುತ್ತವೆ. ಸಿಡಿಮದ್ದು ಇಟ್ಟಿದ್ದರೆ ಹೊಸವೂ ಸೇರಿಕೊಳ್ಳುತ್ತವೆ.

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅಂದರೆ ಒಬ್ಬ ಎತ್ತರದ ಆಳಿನ ತಲೆಯ ಮೇಲೆ ಇನ್ನೂ ಒಂದು ಮೀಟರ್ ನೀರು. ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಸೀಳಿರುವಲ್ಲಿ ಅದು ಇಳಿಯದೆ ಇರುತ್ತದೆಯೇ?

## ಒಂದು ಕೊಡ ನೀರು, ಐವತ್ತು ಟನ್ ತಳ್ಳು

ಈಗ ನೀರಿನ ಮೊದಲ ಕೆಲಸ. ಕಟ್ಟಿಗೆ ಒಡೆಯುವಾಗ ಕೊಡಲಿ ಸಿಕ್ಕಿಕೊಂಡರೆ ಸೀಳಿಗೆ ಬೆಣೆ ಹೊಡೆಯುತ್ತೇವೆ ಅಲ್ವಾ? ಸೀಳಿನಲ್ಲಿ ತುಂಬಿದ ನೀರೂ ಒಂದು ಬೆಣೆ. ಕಬ್ಬಿಣದ ಬೆಣೆ ಹೊಡೆದ ಜಾಗದಲ್ಲಿ ಮಾತ್ರ ಒತ್ತುತ್ತದೆ. ನೀರು ತಾನು ಮುಟ್ಟಿದ ಪ್ರತಿಯೊಂದು ಕಡೆ, ಎರಡೂ ಗೋಡೆಗಳನ್ನು ಒತ್ತುತ್ತದೆ. ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚು. ಬಾವಿಯಲ್ಲಿ ಮುಳುಗಿ ಈಜಿದವರಿಗೆ ಕಿವಿ ಕಟ್ಟಿಕೊಳ್ಳುವುದು ಗೊತ್ತು. ಅದೇ ಒತ್ತಡ ಇದು.

ಲೆಕ್ಕ ಹಾಕೋಣ. ಗುಡ್ಡದ ನೆತ್ತಿಯಿಂದ 10 ಮೀಟರ್ ಆಳಕ್ಕೆ ಇಳಿದ ಒಂದು ಸೀಳು. ಅದು ಪೂರ್ತಿ ನೀರು ತುಂಬಿದೆ. ತಳದಲ್ಲಿ ಪ್ರತಿ ಚದರ ಮೀಟರಿಗೆ 10 ಟನ್ ಒತ್ತಡ. ಮೇಲೆ ಸೊನ್ನೆ, ಕೆಳಗೆ ಹತ್ತು. ಎಲ್ಲ ಕೂಡಿಸಿದರೆ ಸೀಳಿನ ಒಂದು ಮೀಟರ್ ಉದ್ದಕ್ಕೆ ಸುಮಾರು 50 ಟನ್. ತುಂಬಿದ ಹತ್ತು ಚಕ್ರದ ಎರಡು ಲಾರಿಗಳ ತೂಕ ಹೆಚ್ಚುಕಡಿಮೆ ಅಷ್ಟೇ. ಆಳ 20 ಮೀಟರ್ ಆದರೆ 100 ಟನ್ ಅಲ್ಲ, 200 ಟನ್. ಆಳ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು.

ಇದರಲ್ಲಿ ನನಗೆ ಈಗಲೂ ಬೆರಗು ತರುವ ಸಂಗತಿ ಬೇರೆ ಇದೆ. ಈ ಲೆಕ್ಕದಲ್ಲಿ ಸೀಳಿನ ಅಗಲ ಎಲ್ಲೂ ಬರಲಿಲ್ಲ. ಸೀಳು ಒಂದು ಅಡಿ ಅಗಲ ಇರಲಿ, ಒಂದು ಮಿಲಿಮೀಟರ್ ಇರಲಿ, ಒತ್ತಡ ಅಷ್ಟೇ. ಒಂದು ಮಿಲಿಮೀಟರ್ ಅಗಲ, 10 ಮೀಟರ್ ಆಳದ ಸೀಳಿನ ಒಂದು ಮೀಟರ್ ಉದ್ದದಲ್ಲಿ ಹಿಡಿಯುವ ನೀರು ಬರೀ 10 ಲೀಟರ್. ಒಂದು ಕೊಡ. ಆ ಒಂದು ಕೊಡ ನೀರು 50 ಟನ್ ಬಲದಿಂದ ತಳ್ಳುತ್ತದೆ. ಬೆರಳು ತೂರದ ಸೀಳು ಏನು ಮಾಡೀತು ಎಂದು ಸುಮ್ನೆ ಬಿಡಬಾರದು ಎನ್ನುವುದು ಇದಕ್ಕೇ.

ಅಗಲ ಕಡಿಮೆ ಇದ್ದಷ್ಟೂ ತುಂಬಲು ಬೇಕಾದ ನೀರೂ ಕಡಿಮೆ. ಜೋರು ಮಳೆಯ ಒಂದೇ ಗಂಟೆಯಲ್ಲಿ ಅಂಥ ಸೀಳು ತುಂಬಿಬಿಡಬಹುದು. ಹಾಗೆಯೇ ಕೆಳಗೆ ಹೊರದಾರಿ ಇದ್ದರೆ ಬೇಗ ಖಾಲಿಯೂ ಆಗುತ್ತದೆ. ಹೆದ್ದಾರಿ ಬದಿಯ ತಡೆಗೋಡೆಗಳಲ್ಲಿ ಸಾಲಾಗಿ ಪೈಪಿನ ತೂತು ಬಿಟ್ಟಿರುತ್ತಾರೆ. ಗೋಡೆ ಹಿಂದಿನ ನೀರಿನ ಮಟ್ಟ ಏರದಂತೆ ಇಳಿಸುವುದು ಅವುಗಳ ಕೆಲಸ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಅಡಿಕೆ ತೋಟದಲ್ಲಿ ಬಸಿಗಾಲುವೆ ತೋಡುವುದೂ ಇದೇ ತತ್ವ. ನೀರು ಬರುವುದನ್ನು ತಡೆಯಲು ಆಗದು, ನಿಲ್ಲದಂತೆ ಮಾಡಬಹುದು.

## ಲೋಟ ತಾನಾಗಿ ಜಾರಿದ ಹಾಗೆ

ಬಿಸಿನೀರಿನಲ್ಲಿ ತೊಳೆದ ಸ್ಟೀಲ್ ಲೋಟವನ್ನು ಒದ್ದೆ ಕಟ್ಟೆಯ ಮೇಲೆ ಬೋರಲು ಹಾಕಿ. ಕೆಲವೊಮ್ಮೆ ಅದು ಯಾರೂ ಮುಟ್ಟದೆ ಸರ್ರನೆ ಜಾರುತ್ತದೆ. ಒಳಗೆ ಸಿಕ್ಕಿದ ಗಾಳಿ ಬಿಸಿಗೆ ಹಿಗ್ಗಿ ಲೋಟವನ್ನು ಸ್ವಲ್ಪ ಎತ್ತಿರುತ್ತದೆ. ಲೋಟದ ತೂಕ ಕಡಿಮೆಯಾಗಿಲ್ಲ. ಕಟ್ಟೆಯ ಮೇಲೆ ಬೀಳುವ ಭಾರ ಮಾತ್ರ ಕಡಿಮೆಯಾಗಿದೆ. ಭಾರವಿಲ್ಲದಿದ್ದರೆ ಹಿಡಿತವೂ ಇಲ್ಲ.

ಇಳಿಜಾರಿನ ಬಂಡೆ ನಿಂತಿರುವುದೂ ಹಿಡಿತದ ಮೇಲೆ. ಮೇಲಿನ ಹಲಗೆ ಕೆಳಗಿನ ಹಲಗೆಯನ್ನು ತನ್ನ ತೂಕದಿಂದ ಒತ್ತಿಕೊಂಡಿರುತ್ತದೆ. ನಡುವಿನ ಸೀಳಿನಲ್ಲಿ ನೀರಿನ ಒತ್ತಡ ಏರಿದರೆ ಅದು ಮೇಲಿನ ಹಲಗೆಯ ಭಾರದಲ್ಲಿ ಒಂದು ಪಾಲನ್ನು ತಾನು ಹೊತ್ತುಕೊಳ್ಳುತ್ತದೆ. ಕಲ್ಲಿಗೆ ಕಲ್ಲು ತಾಗುವ ಒತ್ತು ಸಡಿಲವಾಗುತ್ತದೆ. ಒಟ್ಟು ಭಾರದಿಂದ ನೀರಿನ ಒತ್ತಡವನ್ನು ಕಳೆದು ಉಳಿದದ್ದೇ ನಿಜವಾಗಿ ಹಿಡಿದಿಡುವ ಭಾರ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಾರ್ಲ್ ಟೆರ್ಜಾಗಿ ಎಂಬ ಎಂಜಿನಿಯರ್ ಮಣ್ಣಿನ ಬಗ್ಗೆ ಈ ನಿಯಮವನ್ನು ಸ್ಪಷ್ಟಪಡಿಸಿದರು. ಸೀಳುಬಿಟ್ಟ ಬಂಡೆಗೂ ಅದು ಹೊಂದುತ್ತದೆ.

ಈ ನಿಯಮ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಅಮೆರಿಕದ ಕೊಲರಾಡೊದ ರೇಂಜ್ಲಿ ತೈಲ ಪ್ರದೇಶದಲ್ಲಿ 1969ರಿಂದ ಪರೀಕ್ಷಿಸಿ ನೋಡಿದರು. ಬಾವಿಗಳ ಮೂಲಕ ಆಳದ ಬಂಡೆಗೆ ನೀರು ಒತ್ತಿದಾಗ ಸಣ್ಣ ಭೂಕಂಪಗಳು ಹೆಚ್ಚಿದವು. ನೀರು ತೆಗೆದಾಗ ಕಡಿಮೆಯಾದವು. ನಮಗೆ ಹತ್ತಿರದ ಉದಾಹರಣೆ ಮಹಾರಾಷ್ಟ್ರದ ಕೊಯ್ನಾ. 1960ರ ದಶಕದ ಮೊದಲಲ್ಲಿ ಅಲ್ಲಿ ಜಲಾಶಯ ತುಂಬತೊಡಗಿತು. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ತೀವ್ರತೆಯ ಭೂಕಂಪವಾಯಿತು. ನೂರೆಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಜಲಾಶಯದ ಭಾರ, ಜೊತೆಗೆ ಆಳದ ಸೀಳುಗಳಿಗೆ ಇಳಿದ ನೀರಿನ ಒತ್ತಡ, ಎರಡೂ ಸೇರಿ ಮೊದಲೇ ಬಿಗಿದುಕೊಂಡಿದ್ದ ಬಂಡೆಯನ್ನು ಜಾರಿಸಿದವು ಎಂಬುದು ವಿಜ್ಞಾನಿಗಳ ವಿವರಣೆ. ಇದನ್ನು ಇನ್ನೂ ಹತ್ತಿರದಿಂದ ನೋಡಲು ಆ ಪ್ರದೇಶದಲ್ಲಿ 3 ಕಿಲೋಮೀಟರ್ ಆಳದ ಕೊಳವೆ ಕೊರೆದಿದ್ದಾರೆ. ಕೊಯ್ನಾದ ಕಥೆ ಅಲ್ಲಿನ ನೆಲದ ಸ್ವಭಾವಕ್ಕೆ ಸೇರಿದ್ದು. ಪ್ರತಿ ಜಲಾಶಯದ ಅಡಿಯಲ್ಲೂ ಅಂಥ ಬಿಗಿದ ಸೀಳು ಇರುವುದಿಲ್ಲ.

## ಕೈ ಬಿಡಿಸುವ ಹನಿ

ಇಲ್ಲಿಯವರೆಗೆ ಹೇಳಿದ್ದು ಬಲದ ಮಾತು. ಇದೇ ಒತ್ತಡವನ್ನು ಎಣ್ಣೆಯೂ ಹಾಕಬಲ್ಲದು, ಗಾಳಿಯೂ ಹಾಕಬಲ್ಲದು. ಆದರೆ ನೀರಿಗೆ ಇನ್ನೊಂದು ಗುಣವಿದೆ. ಒತ್ತಡವೇ ಇಲ್ಲದೆ, ಸುಮ್ಮನೆ ಒದ್ದೆ ಮಾಡಿದರೂ ಕಲ್ಲಿನ ಬಿರುಕು-ತಡೆ ಇಳಿಯುತ್ತದೆ.

ಬಸ್ಸಿನ ಮುಂದಿನ ಗಾಜಿಗೆ ಒಂದು ಸಣ್ಣ ಜಲ್ಲಿ ಸಿಡಿದು ಕಡಲೆಯಷ್ಟು ಗಾಯವಾಗುತ್ತದೆ. ಡ್ರೈವರ್ ನೋಡಿ ಸುಮ್ಮನಾಗುತ್ತಾರೆ. ವಾರ ಕಳೆದ ಮೇಲೆ ಅದು ಒಂದು ಗೇಣು ಗೆರೆಯಾಗಿರುತ್ತದೆ. ಈ ನಡುವೆ ಬೇರೆ ಕಲ್ಲು ಬಡಿದಿಲ್ಲ. ಗಾಜಿನ ಬಿಗಿತ ಮತ್ತು ಗಾಳಿಯಲ್ಲಿದ್ದ ತೇವ ಸೇರಿ ಬಿರುಕನ್ನು ಮೆಲ್ಲಗೆ ನಡೆಸಿಕೊಂಡು ಹೋಗಿವೆ. ಗಾಜಿನ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕದ ಸರಪಳಿ. ಬೆಣಚುಕಲ್ಲಿನದೂ ಅದೇ. ಗ್ರಾನೈಟ್, ಮರಳುಗಲ್ಲು, ನದಿಯ ಮರಳು, ಎಲ್ಲದರಲ್ಲೂ ಅದೇ ಸರಪಳಿ.

ಶಾಲೆಯ ಅಂಗಳದಲ್ಲಿ ಮಕ್ಕಳು ಕೈಕೈ ಹಿಡಿದು ಸಾಲಾಗಿ ನಿಂತಿದ್ದಾರೆ ಎಂದುಕೊಳ್ಳಿ. ಎರಡೂ ತುದಿಯಿಂದ ಎಳೆಯುತ್ತಿದ್ದಾರೆ. ಹಿಡಿತ ಬಿಗಿಯಾಗಿದೆ, ಬಿಡುತ್ತಿಲ್ಲ. ಆಗ ಒಬ್ಬ ಬಂದು, ಎಳೆತ ಜಾಸ್ತಿ ಇರುವಲ್ಲಿ ನಿಂತು, ಇಬ್ಬರ ಕೈಗೂ ಒಂದೊಂದು ಮಿಠಾಯಿ ಇಡುತ್ತಾನೆ. ಮಿಠಾಯಿ ಹಿಡಿದ ಕೈ ಪಕ್ಕದವರ ಕೈ ಬಿಡುತ್ತದೆ. ನೀರಿನ ಅಣು ಮಾಡುವುದು ಇದನ್ನೇ. ಅದು ತಾನೇ ಎರಡು ಪಾಲಾಗುತ್ತದೆ. ಒಂದು ಪಾಲು ಈ ಬದಿಯ ಅಣುವಿಗೆ, ಇನ್ನೊಂದು ಆ ಬದಿಯದಕ್ಕೆ ಅಂಟಿಕೊಳ್ಳುತ್ತದೆ. ನಡುವಿನ ಕೊಂಡಿ ಕಳಚುತ್ತದೆ. ಕೊಂಡಿ ಸಡಿಲವಾಗಿದ್ದಾಗ ಇದು ಬಲು ನಿಧಾನ. ಎಳೆದು ಬಿಗಿದಿದ್ದಾಗ ಬೇಗ. ಬಿರುಕಿನ ತುದಿಯಲ್ಲಿ ಕೊಂಡಿಗಳು ಎಳೆದೇ ಇರುತ್ತವೆ. ಹಾಗಾಗಿ ನೀರು ಕಲ್ಲಿನ ಬೇರೆ ಕಡೆಗಿಂತ ಸರಿಯಾಗಿ ಅಲ್ಲೇ ಕೆಲಸ ಮಾಡುತ್ತದೆ. ಗಾಜಿನಲ್ಲಿ ಅಣು ಮಟ್ಟದ ಈ ವಿವರಣೆಯನ್ನು 1982ರಲ್ಲಿ ಮಿಚಾಲ್ಸ್ಕಿ ಮತ್ತು ಫ್ರೀಮನ್ ಮುಂದಿಟ್ಟರು. ಅದಕ್ಕೂ ಮೊದಲು, 1967ರಲ್ಲಿ, ಗಾಳಿಯ ತೇವ ಹೆಚ್ಚಿದಷ್ಟೂ ಗಾಜಿನ ಬಿರುಕು ಬೇಗ ಬೆಳೆಯುತ್ತದೆ ಎಂದು ವೀಡರ್‌ಹಾರ್ನ್ ಅಳೆದು ತೋರಿಸಿದ್ದರು.

ಕಾಗೆ ಬಂಗಾರದ ಮೇಲೆ ಮಾಡಿದ ಪ್ರಯೋಗ ಇದಕ್ಕಿಂತ ಹಳೆಯದು. ಅದನ್ನು ಉಗುರಿನಿಂದ ಪದರ ಪದರವಾಗಿ ಬಿಡಿಸಬಹುದೆಂದು ಹಳ್ಳಿಯ ಮಕ್ಕಳಿಗೆಲ್ಲ ಗೊತ್ತು. 1930ರಲ್ಲಿ ರಷ್ಯಾದ ಒಬ್ರೇಯ್ಮೊವ್ ಅದನ್ನು ಗಾಳಿಯಲ್ಲಿ ಒಮ್ಮೆ, ಗಾಳಿ ತೆಗೆದ ಗಾಜಿನ ಪಾತ್ರೆಯೊಳಗೆ ಒಮ್ಮೆ ಬಿಡಿಸಿದರು. ಗಾಳಿಯಿಲ್ಲದಲ್ಲಿ ಬಿಡಿಸಲು ಹಲವು ಪಟ್ಟು ಹೆಚ್ಚು ಶಕ್ತಿ ಬೇಕಾಯಿತು. ಅಂದರೆ ನಾವು ಕೈಯಲ್ಲಿ ಸುಲಭವಾಗಿ ಬಿಡಿಸುವಾಗ ಸುತ್ತಲಿನ ಗಾಳಿ, ಅದರೊಳಗಿನ ತೇವ ನಮಗೆ ಸಹಾಯ ಮಾಡುತ್ತಿರುತ್ತವೆ.

ಇದರಿಂದ ಹುಟ್ಟುವ ಫಲ ಒಂದಿದೆ, ಈ ಇಡೀ ವಿಷಯದಲ್ಲಿ ಅದೇ ಮುಖ್ಯ ಎಂದು ನನ್ನ ಎಣಿಕೆ. ಒಣ ಕಲ್ಲಿನಲ್ಲಿ ಬಿರುಕಿನ ಲೆಕ್ಕ ಹೌದು-ಅಲ್ಲ ಎಂಬಂತಿರುತ್ತದೆ. ಬಲ ಸಾಕಾದರೆ ಒಡೆಯುತ್ತದೆ, ಸಾಲದಿದ್ದರೆ ಇಲ್ಲ. ಒದ್ದೆ ಕಲ್ಲಿನಲ್ಲಿ ಮೂರನೆಯದೊಂದು ಸ್ಥಿತಿ ಉಂಟು. ಬಲ ಸಾಲದು, ಆದರೂ ಬಿರುಕು ಬೆಳೆಯುತ್ತಿದೆ. ಕಣ್ಣಿಗೆ ಕಾಣದಷ್ಟು ನಿಧಾನವಾಗಿ, ದಿನಕ್ಕೆ ಒಂದು ಕೂದಲಿನ ದಪ್ಪದಷ್ಟೂ ಇಲ್ಲದೆ. ಬಿರುಕು ಉದ್ದವಾದಂತೆ ತುದಿಯಲ್ಲಿ ಸೇರುವ ಬಲ ಹೆಚ್ಚುತ್ತದೆ. ಬಲ ಹೆಚ್ಚಿದಂತೆ ಬಿರುಕಿನ ನಡಿಗೆ ಚುರುಕಾಗುತ್ತದೆ. ಒಂದು ದಿನ ಆ ಗಡಿ ದಾಟುತ್ತದೆ. ಅಲ್ಲಿಂದ ಮುಂದೆ ಅದು ನಡೆಯುವುದಿಲ್ಲ, ಓಡುತ್ತದೆ. ಗಾಜಿನಲ್ಲಿ ಆ ಓಟದ ವೇಗ ಸೆಕೆಂಡಿಗೆ ಒಂದೂವರೆ ಕಿಲೋಮೀಟರ್‌ವರೆಗೆ ಹೋಗುತ್ತದೆ.

ನಮ್ಮ ಕಣ್ಣಿಗೆ ಬೀಳುವುದು ಕೊನೆಯ ಆ ಓಟ ಮಾತ್ರ. "ನಿನ್ನೆವರೆಗೆ ಏನೂ ಇರಲಿಲ್ಲ, ಇವತ್ತು ಬಿತ್ತು" ಎನ್ನುತ್ತೇವೆ. ಎಷ್ಟೋ ಮಳೆಗಾಲ ಅದು ನಡೆಯುತ್ತ ಬಂದಿರುತ್ತದೆ. ಮಳೆ ಕಡಿಮೆಯಾದ ದಿನವೂ ಕಲ್ಲು ಉರುಳಬಹುದು ಎಂಬುದಕ್ಕೂ ಇದೊಂದು ಕಾರಣ. ಇನ್ನೊಂದು ಕಾರಣ, ಮೇಲೆ ಬಿದ್ದ ನೀರು ಸೀಳಿನ ಆಳಕ್ಕೆ ಇಳಿಯಲು ಹೊತ್ತು ಹಿಡಿಯುತ್ತದೆ. ಕಾರವಾರ ತಾಲೂಕಿನ ಕಡವಾಡದ ಝರಿವಾಡದಲ್ಲಿ 19 ಜನರನ್ನು ಬಲಿ ತೆಗೆದುಕೊಂಡ ಕುಸಿತ ನಡೆದದ್ದು ಜುಲೈನಲ್ಲಲ್ಲ, 2009ರ ಅಕ್ಟೋಬರ್‌ನಲ್ಲಿ. ಒಂದು ಇಡೀ ಮಳೆಗಾಲವನ್ನು ಗುಡ್ಡ ಕುಡಿದು ಮುಗಿಸಿದ ಹೊತ್ತಿಗೆ ಮತ್ತೆ ಜೋರು ಮಳೆ ಬಂದಿತ್ತು.

## ಎಲ್ಲ ಕಲ್ಲೂ ಒಂದೇ ಅಲ್ಲ, ಎಲ್ಲ ದ್ರವವೂ ಒಂದೇ ಅಲ್ಲ

1965ರಲ್ಲಿ ಕಾಲ್‌ಬ್ಯಾಕ್ ಮತ್ತು ವೀಡ್ ಎಂಬಿಬ್ಬರು ದಕ್ಷಿಣ ಆಫ್ರಿಕಾದ ಮರಳುಗಲ್ಲು ಮತ್ತು ಜೇಡಿಗಲ್ಲನ್ನು ಪರೀಕ್ಷಿಸಿದರು. ಚೆನ್ನಾಗಿ ಒಣಗಿಸಿದ ಕಲ್ಲಿನ ಬಲಕ್ಕೆ ಹೋಲಿಸಿದರೆ ನೀರಲ್ಲಿ ನೆನೆದ ಕಲ್ಲಿನ ಬಲ ಹೆಚ್ಚುಕಡಿಮೆ ಅರ್ಧ. ಗ್ರಾನೈಟ್‌ನಂಥ ಒತ್ತಾದ ಕಲ್ಲಿನಲ್ಲಿ ಇಳಿಕೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಒಳಗೆ ಜೇಡಿ ಇರುವ ಕಲ್ಲಿನಲ್ಲಿ ಜಾಸ್ತಿ. ಜೇಡಿ ನೀರು ಕುಡಿದು ಉಬ್ಬುತ್ತದೆ, ಹರಳುಗಳನ್ನು ಒಳಗಿನಿಂದಲೇ ಸರಿಸುತ್ತದೆ.

ಸುಣ್ಣದ ಕಲ್ಲಿನ ದಾರಿ ಬೇರೆ. ಯಾಣಕ್ಕೆ ಹೋಗಿ ಭೈರವೇಶ್ವರ ಶಿಖರದ ಬುಡದಲ್ಲಿ ನಿಂತು ಮೇಲೆ ನೋಡಿ. ಸುಮಾರು 120 ಮೀಟರ್ ಎತ್ತರದ ಕಪ್ಪು ಬಂಡೆ. ಪಕ್ಕದ ಮೋಹಿನಿ ಶಿಖರ ಸುಮಾರು 90 ಮೀಟರ್. ಎರಡೂ ಸುಣ್ಣದ ಕಲ್ಲು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿ ಸುಣ್ಣದ ಕಲ್ಲನ್ನು ಕರಗಿಸುತ್ತದೆ. ಹುಣಸೆ ಹುಳಿ ಹಚ್ಚಿದರೆ ಹಿತ್ತಾಳೆ ಕೊಡದ ಕಿಲುಬು ಬಿಟ್ಟು ಬರುವ ಹಾಗೆ. ಆ ಚೂಪು ತುದಿಗಳು, ಕತ್ತಿಯಂಥ ಏಣುಗಳು, ನಡುವಿನ ಗವಿಗಳು, ಎಲ್ಲ ಹೀಗೆ ಕರಗಿ ಉಳಿದ ರೂಪ. ಅಲ್ಲಿ ನೀರು ಕಲ್ಲನ್ನು ಸೀಳುವುದಕ್ಕಿಂತ ತಿನ್ನುತ್ತದೆ.

ಚಿರೆಕಲ್ಲು ನಮ್ಮದೇ ಕಲ್ಲು, ಅದರ ನಡತೆಯೂ ವಿಚಿತ್ರ. ಗಣಿಯಿಂದ ಕಡಿಯುವಾಗ ಹಸಿಯಾಗಿ ಮೆತ್ತಗಿರುತ್ತದೆ, ಕೊಡಲಿಯಂಥ ಹತಾರದಲ್ಲೇ ಸವರಬಹುದು. ಗಾಳಿ ಬಿಸಿಲಿಗೆ ಒಣಗಿದಂತೆ ಒಳಗಿನ ಕಬ್ಬಿಣದ ಅಂಶ ಬಿಗಿದು ಗಟ್ಟಿಯಾಗುತ್ತದೆ. ಆ ಹಿರಿಯರ ಊರಿನ ಮಿರ್ಜಾನ ಕೋಟೆ ಕಟ್ಟಿದ್ದು ಅದರಿಂದಲೇ. ಆದರೆ ನೆಲದೊಳಗೆ ಸದಾ ಹಸಿಯಾಗಿರುವ ಪದರಕ್ಕೆ ಆ ಗಟ್ಟಿತನ ಬರುವುದೇ ಇಲ್ಲ. ಮೇಲೆ ಗಟ್ಟಿ ಹೊದಿಕೆ, ಕೆಳಗೆ ಮೆತ್ತನೆಯ ಜೇಡಿ. ನೀರು ಹೊದಿಕೆಯ ತೂತುಗಳಿಂದ ಇಳಿದು ಜೇಡಿಯ ಮೇಲೆ ನಿಲ್ಲುತ್ತದೆ.

ದ್ರವ ಬದಲಾದರೂ ಕಥೆ ಬದಲಾಗುತ್ತದೆ. ಒಂದೇ ಕಲ್ಲಿನ ತುಂಡುಗಳನ್ನು ನೀರಿನಲ್ಲೂ ಎಣ್ಣೆಯಲ್ಲೂ ನೆನೆಸಿ ಒಡೆದರೆ ಸಾಮಾನ್ಯವಾಗಿ ನೀರಿನದು ಬೇಗ ಒಡೆಯುತ್ತದೆ. ಎಣ್ಣೆಗೆ ಆ ಕೊಂಡಿ ಬಿಡಿಸುವ ಗುಣವಿಲ್ಲ. ನಾರ್ವೆಯ ಕಡಲಿನ ಎಕೋಫಿಸ್ಕ್ ತೈಲ ಕ್ಷೇತ್ರದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಕಂಡರು. ಅಲ್ಲಿ ತೈಲ ಇರುವುದು ಸೀಮೆಸುಣ್ಣದಂಥ ಮೆತ್ತನೆಯ ಬಂಡೆಯಲ್ಲಿ. ತೈಲ ತೆಗೆದಂತೆ ಒಳಗಿನ ಒತ್ತಡ ಇಳಿಯಿತು, ಬಂಡೆ ಕುಗ್ಗಿತು, ಕಡಲ ತಳ ಕುಸಿಯಿತು. 1987ರಲ್ಲಿ ತೈಲ ತೆಗೆಯಲು ಕಡಲ ಮೇಲೆ ನಿಲ್ಲಿಸಿದ್ದ ಕಟ್ಟೆಗಳನ್ನೇ 6 ಮೀಟರ್ ಎತ್ತಬೇಕಾಯಿತು. ಆಮೇಲೆ ನೀರು ತುಂಬಿ ಒತ್ತಡವನ್ನು ಮೇಲಕ್ಕೆ ತಂದರು. ಆದರೂ ಕುಗ್ಗುವುದು ಪೂರ್ತಿ ನಿಲ್ಲಲಿಲ್ಲ. ಎಣ್ಣೆ ಇದ್ದ ಜಾಗಕ್ಕೆ ನೀರು ಬಂದದ್ದರಿಂದ ಬಂಡೆಯೇ ಮೆತ್ತಗಾಗಿತ್ತು.

ನೀರು ಹೆಪ್ಪುಗಟ್ಟಿ ಕಲ್ಲು ಸೀಳುವ ಮಾತನ್ನು ಪಾಠದಲ್ಲಿ ಓದಿರುತ್ತೀರಿ. ಅದು ಹಿಮಾಲಯದಂಥ ಕಡೆಗೆ ಸರಿ, ನಮ್ಮ ಸೆಕೆಯ ಊರಿಗಲ್ಲ.

## ನೀರು ಹಿಡಿದಿಡುವುದೂ ಉಂಟು

ಕಾರವಾರದ ಕಡಲ ದಂಡೆಯಲ್ಲಿ, ಅಲೆ ಆಗಷ್ಟೇ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ಕಾಲಿಡಿ. ಪಾದದ ಸುತ್ತ ಮರಳು ಒಂದು ಕ್ಷಣ ಬಿಳಿಚಿಕೊಂಡು ಒಣಗಿದಂತೆ ಕಾಣುತ್ತದೆ. ಒತ್ತಿದರೆ ನೀರು ಹೊರಗೆ ಬರಬೇಕಿತ್ತಲ್ಲ? ಆಗುವುದು ಉಲ್ಟಾ. ಒತ್ತಾಗಿ ಕೂತ ಮರಳಿನ ಕಣಗಳು ಜರುಗಬೇಕಾದರೆ ಒಂದರ ಮೇಲೊಂದು ಹತ್ತಬೇಕು. ಹಾಗೆ ಹತ್ತಿದಾಗ ನಡುವಿನ ಜಾಗ ಹೆಚ್ಚುತ್ತದೆ. ಮೇಲಿದ್ದ ನೀರು ಆ ಜಾಗಕ್ಕೆ ಇಳಿಯುತ್ತದೆ. 1885ರಲ್ಲಿ ರೇನಾಲ್ಡ್ಸ್ ಎಂಬ ವಿಜ್ಞಾನಿ ಇದನ್ನು ವಿವರಿಸಿದರು.

ಬಂಡೆಯಲ್ಲೂ ಹೀಗಾಗುತ್ತದೆ. ಬಲ ಥಟ್ಟನೆ ಬಿದ್ದು ಸೀಳು ಬೇಗ ಬಾಯಿ ಬಿಟ್ಟರೆ ಒಳಗಿನ ಜಾಗ ಹಿಗ್ಗುತ್ತದೆ. ಸುತ್ತಲಿನ ನೀರು ಅಷ್ಟು ಬೇಗ ಅಲ್ಲಿಗೆ ಮುಟ್ಟುವುದಿಲ್ಲ. ಒತ್ತಡ ಇಳಿಯುತ್ತದೆ, ಸೀಳಿನ ಗೋಡೆಗಳನ್ನು ನೀರೇ ಒಳಕ್ಕೆ ಎಳೆದಂತಾಗುತ್ತದೆ. ಕೆಲಹೊತ್ತು ಕಲ್ಲು ಮೊದಲಿಗಿಂತ ಬಿಗಿ. ನೀರು ಬಂದು ತುಂಬಿದ ಮೇಲೆ ಆ ಬಿಗಿ ಹೋಗುತ್ತದೆ. ಆದ್ದರಿಂದ ಒದ್ದೆ ಕಲ್ಲು ಎಷ್ಟು ತಾಳುತ್ತದೆ ಎಂಬ ಪ್ರಶ್ನೆಗೆ ಒಂದೇ ಅಂಕಿಯ ಉತ್ತರ ಕೊಡಲಾಗದು. ಎಷ್ಟು ವೇಗವಾಗಿ ಎಳೆದಿರಿ ಎಂದೂ ಕೇಳಬೇಕು.

ಮಕ್ಕಳು ದಂಡೆಯಲ್ಲಿ ಕಟ್ಟುವ ಮರಳಿನ ಗೋಪುರವೂ ಇಲ್ಲಿ ನೆನಪಾಗುತ್ತದೆ. ಒಣ ಮರಳಿನಲ್ಲಿ ಅದು ನಿಲ್ಲದು. ತುಸು ತೇವವಿದ್ದರೆ ಕಣಗಳ ನಡುವಿನ ಹನಿಗಳು ಅವನ್ನು ಒಂದಕ್ಕೊಂದು ಎಳೆದು ಹಿಡಿಯುತ್ತವೆ. ನೀರು ಪೂರ್ತಿ ತುಂಬಿದರೆ ಆ ಎಳೆತ ಮಾಯ, ಗೋಪುರ ಕರಗುತ್ತದೆ. ಬೇಸಿಗೆಯಲ್ಲಿ ಗೋಡೆಯ ಹಾಗೆ ನೆಟ್ಟಗೆ ನಿಲ್ಲುವ ಮಣ್ಣಿನ ಧರೆ ಜುಲೈನಲ್ಲಿ ಕುಸಿಯುವುದರ ಹಿಂದೆ ಇದೂ ಇದೆ.

## ಅಳೆಯುವುದು ಹೇಗೆ?

ಬಿರುಕು-ತಡೆಯನ್ನು ಪ್ರಯೋಗಾಲಯದಲ್ಲಿ ಅಳೆಯಲು ಹಲವು ವಿಧಾನಗಳಿವೆ. ಸುಲಭವಾಗಿ ಅರ್ಥವಾಗುವುದು ಅರ್ಧಚಂದ್ರದ ವಿಧಾನ. ಕಲ್ಲನ್ನು ಕೊರೆದು ಉರುಳೆ ತೆಗೆದು, ಬಿಲ್ಲೆ ಕತ್ತರಿಸಿ, ಅರ್ಧ ಮಾಡುತ್ತಾರೆ. ಹೋಳಿಗೆಯನ್ನು ನಡುವೆ ಕತ್ತರಿಸಿದಂತೆ. ನೇರ ಅಂಚಿನ ನಡುವೆ ಒಂದು ಸಣ್ಣ ಕಚ್ಚು. ಆ ಅಂಚನ್ನು ಕೆಳಗೆ ಮಾಡಿ ಎರಡು ಆಧಾರದ ಮೇಲಿಟ್ಟು, ಮೇಲಿನ ದುಂಡು ಬದಿಯಿಂದ ಒತ್ತುತ್ತಾರೆ. ಎಷ್ಟು ಭಾರಕ್ಕೆ ಕಚ್ಚಿನಿಂದ ಬಿರುಕು ಓಡಿತು ಎಂದು ನೋಡಿ ಲೆಕ್ಕ ಹಾಕುತ್ತಾರೆ. ಅಂತಾರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಘ 2014ರಲ್ಲಿ ಇದನ್ನು ಶಿಫಾರಸು ಮಾಡಿತು. ಒಂದು ಕಂತು ಒಣ ತುಂಡು, ಒಂದು ಕಂತು ನೆನೆಸಿದ ತುಂಡು ಇಟ್ಟು ಹೋಲಿಸಿದರೆ ನೀರಿನ ಪರಿಣಾಮ ಅಂಕಿಯಲ್ಲಿ ಸಿಗುತ್ತದೆ. ಆದರೆ ಅದು ಅಂಗೈ ಅಗಲದ ಕಲ್ಲಿನ ಮಾತು. ಗುಡ್ಡದಲ್ಲಿ ದೊಡ್ಡ ಸೀಳುಗಳಿವೆ, ಬೇರುಗಳಿವೆ, ಮಣ್ಣು ತುಂಬಿದ ಸಂದುಗಳಿವೆ. ಆದ್ದರಿಂದ ಅಂಕಿಯ ಜೊತೆ ಗುಡ್ಡವನ್ನು ನಡೆದು ನೋಡುವ ಭೂವಿಜ್ಞಾನಿಯೂ ಬೇಕು. ಕೊಂಕಣ ರೈಲ್ವೆಗೆ ಮಳೆಗಾಲದ ಬೇರೆ ವೇಳಾಪಟ್ಟಿ ಇರುವುದು, ರೈಲು ನಿಧಾನ ಓಡುವುದು, ಹಳಿಗುಂಟ ಗಸ್ತಿನವರು ನಡೆಯುವುದು, ಎಲ್ಲ ಇದಕ್ಕಾಗಿ.

## ಮನೆ ಹಿಂದಿನ ಧರೆಗೆ ಸೀಳು ಬಿದ್ದರೆ

ಬಸ್ಸಿನಲ್ಲಿ ಆ ಹಿರಿಯರಿಗೆ ಹೇಳಿದ ಅರ್ಧ ಉತ್ತರ ಇದೇ ಭಾಗ. ಅದು ಮೊದಲು ಬೇಕಿತ್ತು.

ಧರೆಯ ನೆತ್ತಿಯಲ್ಲಿ ಅಂಚಿಗೆ ಸಮನಾಗಿ ಸೀಳು ಕಂಡರೆ ಅದು ಬರೀ ಗೆರೆಯಲ್ಲ, ನೀರಿನ ಬಾಯಿ. ಮಳೆ ಬಿಟ್ಟ ಹೊತ್ತಿನಲ್ಲಿ, ದೂರದಿಂದ ನೋಡಿ ಅಪಾಯವಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆ, ವಿಷಯ ಬಲ್ಲವರ ಜೊತೆಗೇ ಹೋಗಿ, ಅದಕ್ಕೆ ಜೇಡಿಮಣ್ಣು ಗಿಡಿದು ಮೇಲೆ ತಾಡಪಾಲು ಹೊದಿಸಬಹುದು. ಸೀಳಿಗಿಂತ ಮೇಲ್ಗಡೆಯೇ ಒಂದು ಕಾಲುವೆ ತೋಡಿ ಹರಿಯುವ ನೀರನ್ನು ಬದಿಗೆ ತಿರುಗಿಸಬೇಕು. ಸೀಳಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು ನಡುವಿನ ಅಂತರ ಅಳೆದಿಡಿ. ನಾಲ್ಕು ದಿನ ಬಿಟ್ಟು ಮತ್ತೆ ಅಳೆಯಿರಿ. ಅಂತರ ಹೆಚ್ಚುತ್ತಿದ್ದರೆ ಬಿರುಕು ನಡೆಯುತ್ತಿದೆ ಎಂದು ಅರ್ಥ, ಕಾಯಬಾರದು.

ಬುಡದಲ್ಲಿ ಹೊಸ ಒಸರು ಹುಟ್ಟಿದರೆ, ತಿಳಿಯಾಗಿ ಬರುತ್ತಿದ್ದ ಒಸರು ಕೆಂಪಾದರೆ, ಧರೆಯ ಮೇಲಿನ ಮರ ವಾಲಿದರೆ, ಬಾಗಿಲು ಇದ್ದಕ್ಕಿದ್ದ ಹಾಗೆ ಕೂರದಾದರೆ, ಕೂಡಲೇ ಪಂಚಾಯಿತಿಗೂ ತಹಶೀಲ್ದಾರರ ಕಚೇರಿಗೂ ಹೇಳಬೇಕು. ಜೋರು ಮಳೆಯಲ್ಲೂ ತಡೆಗೋಡೆಯ ತೂತಿನಿಂದ ನೀರು ಬರುವುದು ನಿಂತಿದ್ದರೆ ಒಳಗೆ ಕಟ್ಟಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಆ ಗೋಡೆಯ ಕೆಳಗೆ ನಿಲ್ಲಬಾರದು, ಗಾಡಿಯನ್ನೂ ನಿಲ್ಲಿಸಬಾರದು.

"ಈಗ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತೀರಿ?" ಎಂದು ಕೇಳಿದ್ದೆ. ಮೊಮ್ಮಕ್ಕಳು ಹಿಂದಿನ ಕೋಣೆಯಲ್ಲಿ, ಧರೆಗೆ ಒತ್ತಿಕೊಂಡ ಕೋಣೆಯಲ್ಲಿ ಎಂದರು. ಇವತ್ತೇ ಅವರ ಹಾಸಿಗೆಯನ್ನು ಜಗುಲಿಗೆ ತನ್ನಿ, ಮಳೆ ಜೋರಾದರೆ ನೆಂಟರ ಮನೆಗೆ ಕಳಿಸಿ ಎಂದೆ. ಅವರು ಕೊಡೆ ಬಿಚ್ಚಿ ಇಳಿಯುತ್ತ, "ಹೌದು ಮಾಸ್ತರೆ, ಇವತ್ತೇ" ಎಂದರು.